ಸಟ್ಲರ್ ಬಿಲ್ಲೆ: ತೊಳೆಯುವ ಮುಂಚೆ ಓದಿಕೊಳ್ಳಿ

ಪ್ರಶ್ನೆ: ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಹಿತ್ತಾಳೆಯ ಚಿಕ್ಕ ಬಿಲ್ಲೆಯೊಂದು ಸಿಕ್ಕಿತು. ಒಂದು ಮಗ್ಗುಲಲ್ಲಿ ಯಾರದೋ ಹೆಸರು, ‘ಸಟ್ಲರ್’ ಎಂಬ ಪದ, ಅರ್ಧ ಸವೆದ ರೆಜಿಮೆಂಟ್ ಸಂಖ್ಯೆ, ಕೊನೆಗೆ ‘ಓ.ವಿ.ಯು.ಎಸ್.ಎ.’ ಎಂದಿದೆ. ಇನ್ನೊಂದು ಮಗ್ಗುಲಲ್ಲಿ 25 ಸೆಂಟಿನ ಸಾಮಾನಿಗೆ ಸಲ್ಲುತ್ತದೆ ಎಂಬ ಬರಹವೂ ಸಣ್ಣ ಅಕ್ಷರದಲ್ಲಿ ಸ್ಟಾಂಟನ್ ಎಂಬ ಹೆಸರೂ ಇವೆ. ಹಸಿರು ಕಿಲುಬು ಹಿಡಿದಿದೆ. ಇದು ಅಸಲಿಯೇ? ತೊಳೆಯಬಹುದೇ? ಇಂಥವನ್ನು ಸಂಗ್ರಹಿಸಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಮುಂದೆ ಊರಿಗೆ ಒಯ್ದು ಅಪ್ಪನ ನಾಣ್ಯ ಸಂಗ್ರಹದಲ್ಲಿ ಸೇರಿಸಬಹುದೇ?

ಉತ್ತರ: ಹುಣಸೆಹಣ್ಣು, ನಿಂಬೆರಸ, ಪೀತಾಂಬರಿ ಪುಡಿ, ಟೂತ್‌ಪೇಸ್ಟ್, ಇವು ಯಾವುದನ್ನೂ ಆ ಬಿಲ್ಲೆಯ ಹತ್ತಿರ ಸುಳಿಯಗೊಡಬೇಡಿ. ಹಬ್ಬ ಬಂತೆಂದರೆ ಹಿತ್ತಾಳೆ ದೀಪ, ಚೊಂಬು ಬೆಳಗಿ ಅಭ್ಯಾಸವಾದ ಕೈಗೆ ಸುಮ್ಮನಿರುವುದು ಕಷ್ಟ. ಆದರೆ ಹುಳಿ ಕಿಲುಬನ್ನು ತಿಂದು ಅಲ್ಲಿಗೇ ನಿಲ್ಲುವುದಿಲ್ಲ, ಅಡಿಯ ಲೋಹದಿಂದಲೂ ಒಂದು ಪದರ ಎತ್ತಿಕೊಂಡು ಹೋಗುತ್ತದೆ. ನಿಮ್ಮ ಬಿಲ್ಲೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅರ್ಧ ಸವೆದ ಆ ಸಂಖ್ಯೆ. ಒಂದು ಸಲ ಜೋರಾಗಿ ಉಜ್ಜಿದರೆ ಉಳಿದ ಅರ್ಧವೂ ಹೋಗುತ್ತದೆ, ಆಮೇಲೆ ಅದು ಯಾವ ಪಡೆಯದೆಂದು ಹೇಳುವ ದಾರಿ ಮುಚ್ಚಿದಂತೆ. ಮೊದಲು ಓದುವುದು, ಆಮೇಲೆ ತೂಗಿ ಅಳೆಯುವುದು, ಕೊನೆಗೆ ಬೇಕಿದ್ದರೆ ಮಾತ್ರ ನೀರಿಗೆ ಹಾಕುವುದು. ಈ ಕ್ರಮ ತಪ್ಪಿಸಬೇಡಿ.

ಸಟ್ಲರ್ ಎಂದರೆ ದಂಡಿನ ಜೊತೆಗೇ ಸಾಗುವ ಪರವಾನಗಿ ಪಡೆದ ಖಾಸಗಿ ಅಂಗಡಿಕಾರ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಪ್ರತಿ ರೆಜಿಮೆಂಟಿಗೆ ಇಂಥವನೊಬ್ಬನಿಗೆ ಅವಕಾಶವಿತ್ತು. ಅವನು ಸೈನಿಕನಲ್ಲ, ಸರ್ಕಾರದ ಸಂಬಳವಿಲ್ಲ, ಆದರೆ ಪಾಳೆಯದ ಕಟ್ಟಳೆಗೆ ಒಳಪಟ್ಟವನು. ದಂಡಿನ ಬೆನ್ನಿಗೆ ವರ್ತಕರು ಬರುವುದು ನಮ್ಮ ಕಡೆಗೂ ಹೊಸದಲ್ಲ. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೇನೆ ಎತ್ತುಗಳ ಮೇಲೆ ಧಾನ್ಯ ಹೇರಿ ತರುವ ಲಂಬಾಣಿಗಳನ್ನು ನಂಬಿಕೊಂಡಿತ್ತು. ಆದರೆ ಲಂಬಾಣಿಗಳು ತಂದದ್ದು ಇಡೀ ಸೇನೆಯ ಹೊಟ್ಟೆಗೆ. ಸಟ್ಲರ್ ಮಾರುತ್ತಿದ್ದದ್ದು ಸರ್ಕಾರದ ಪಡಿಯಲ್ಲಿ ಸಿಗದ ಚಿಲ್ಲರೆ ಸಾಮಾನು. 1862ರ ಮಾರ್ಚ್ 19ರ ಕಾಯ್ದೆಯಲ್ಲಿ ಅವನು ಏನೇನು ಮಾರಬಹುದೆಂಬ ಪಟ್ಟಿಯೇ ಇದೆ: ಸೇಬು, ಅಂಜೂರ, ನಿಂಬೆ, ಬೆಣ್ಣೆ, ಚೀಸ್, ಕಾಕಂಬಿ, ಒಣದ್ರಾಕ್ಷಿ, ಮೇಣದಬತ್ತಿ, ಹೊಗೆಸೊಪ್ಪು, ಚಿಲುಮೆ, ಬೆಂಕಿಕಡ್ಡಿ, ಸೂಜಿ, ದಾರ, ಗುಂಡಿ, ಕ್ಷೌರದ ಸಾಬೂನು, ಬಾಚಣಿಗೆ, ಕಾಗದ, ಪೆನ್ಸಿಲ್. ಮದ್ಯ ಮಾರುವಂತಿರಲಿಲ್ಲ.

ಬಿಲ್ಲೆ ಯಾಕೆ ಬೇಕಾಯಿತು? ಎರಡು ಕಾರಣ ಒಟ್ಟಿಗೆ ಕೂಡಿಬಂದವು. 1861ರ ಡಿಸೆಂಬರ್ ಕೊನೆಯಲ್ಲಿ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿದವು. ಜನ ಚಿನ್ನವನ್ನು ಕೂಡಿಟ್ಟರು, 1862ರ ನಡುವಿನ ಹೊತ್ತಿಗೆ ಬೆಳ್ಳಿಯನ್ನೂ ಕೂಡಿಟ್ಟರು, ಕೊನೆಗೆ ಒಂದು ಸೆಂಟಿನ ನಾಣ್ಯವೂ ಕೈಗೆ ಸಿಗದಂತಾಯಿತು. ಅಂಚೆಚೀಟಿಯನ್ನೇ ಚಿಲ್ಲರೆಯಾಗಿ ಕೊಡುವ ಸ್ಥಿತಿ. ಇನ್ನೊಂದು ಕಾರಣ ಪಾಳೆಯದ ಒಳಗಿನದು. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರ್. ಎರಡು ತಿಂಗಳಿಗೊಮ್ಮೆ ಬಟವಾಡೆ ಆಗಬೇಕಿತ್ತು, ಆದರೆ ಅದಕ್ಕೂ ಎಷ್ಟೋ ತಿಂಗಳು ತಡವಾಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ ಸಿಪಾಯಿ ಸಟ್ಲರನ ಡೇರೆಗೆ ಹೋಗಿ ಎರಡು ಡಾಲರಿನಷ್ಟು ಬಿಲ್ಲೆ ಕೇಳುತ್ತಾನೆ. ಸಟ್ಲರ್ ಪುಸ್ತಕದಲ್ಲಿ ಅವನ ಹೆಸರಿಗೆ ಉದ್ರಿ ಬರೆದುಕೊಂಡು ಬಿಲ್ಲೆ ಎಣಿಸಿ ಕೊಡುತ್ತಾನೆ. ಬಟವಾಡೆಯ ದಿನ ಪುಸ್ತಕ ಹಿಡಿದು ಸಂಬಳದ ಮೇಜಿನ ಹತ್ತಿರವೇ ಹಾಜರಾಗುತ್ತಾನೆ. ತಿಂಗಳ ಸಂಬಳದ ಆರನೇ ಒಂದು ಪಾಲಿಗಿಂತ ಹೆಚ್ಚು ಹೀಗೆ ಹಿಡಿದುಕೊಳ್ಳುವಂತಿಲ್ಲ ಎಂದು ಅದೇ 1862ರ ಕಾಯ್ದೆ ಮಿತಿ ಹಾಕಿತು. 13 ಡಾಲರಿನಲ್ಲಿ ಅದು ಸುಮಾರು 2 ಡಾಲರ್ 17 ಸೆಂಟ್.

ಈ ಲೆಕ್ಕದಲ್ಲಿ ನಿಮ್ಮ 25 ಸೆಂಟಿನ ಬಿಲ್ಲೆಯನ್ನು ಇಟ್ಟು ನೋಡಿ. ದಿನಕ್ಕೆ 43 ಸೆಂಟ್ ದುಡಿಯುವವನಿಗೆ ಅದು ಅರ್ಧ ದಿನಕ್ಕಿಂತ ಹೆಚ್ಚಿನ ಸಂಬಳ. ಪಾಳೆಯದ ದರದಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಹಣ್ಣಿನ ಪೂರಣ ತುಂಬಿ ಬೇಯಿಸಿದ ಒಂದೇ ಒಂದು ಪೈ. ಸಿಪಾಯಿಗಳು ಸಟ್ಲರನನ್ನು ಬೈಯುತ್ತಲೇ ಅವನ ಹತ್ತಿರವೇ ಕೊಳ್ಳುತ್ತಿದ್ದರು. ಆ ಬಿಲ್ಲೆ ಬೇರೆ ಯಾವ ಅಂಗಡಿಯಲ್ಲೂ ನಡೆಯದು, ವಾಪಸು ಕೊಟ್ಟರೆ ನಗದೂ ಸಿಗದು. ‘ಸಾಮಾನಿಗೆ ಸಲ್ಲುತ್ತದೆ’ ಎಂಬ ಪದಗಳ ತಿರುಳೇ ಇದು. 1862ರ ಜುಲೈ 17ರ ಕಾಯ್ದೆ ಒಂದು ಡಾಲರಿಗಿಂತ ಕಡಿಮೆ ಬೆಲೆಯ, ಹಣದಂತೆ ಓಡಾಡುವ ಖಾಸಗಿ ಚೀಟಿ ಮತ್ತು ಟೋಕನ್‌ಗಳನ್ನು ಹೊರಡಿಸಬಾರದೆಂದಿತು, 1864ರ ಜೂನ್ 8ರ ಕಾಯ್ದೆ ಖಾಸಗಿ ನಾಣ್ಯದ ಬಾಗಿಲನ್ನೇ ಮುಚ್ಚಿತು. ರೆಜಿಮೆಂಟ್ ವಿಸರ್ಜನೆಯಾದ ಮರುದಿನ ಬಿಲ್ಲೆಗೆ ಬರಿಯ ಹಿತ್ತಾಳೆಯ ಬೆಲೆ. ಕಳೆದವು, ಎಸೆದವು, ಕರಗಿಸಿದವು. ಇಂದು ಉಳಿದಿರುವುದು ಕಡಿಮೆ ಎನ್ನಲು ಕಾರಣ ಇದೇ.

ಈಗ ನಿಮ್ಮ ಬಿಲ್ಲೆಯನ್ನು ಓದೋಣ. ‘ಓ.ವಿ.ಯು.ಎಸ್.ಎ.’ ಎಂದರೆ ಓಹಾಯೋ ವಾಲಂಟಿಯರ್ಸ್, ಯುನೈಟೆಡ್ ಸ್ಟೇಟ್ಸ್ ಆರ್ಮಿ. ಬೇರೆ ಬಿಲ್ಲೆಗಳಲ್ಲಿ ‘ಓ.ವಿ.ಐ.’ ಎಂದಿದ್ದರೆ ಓಹಾಯೋದ ಸ್ವಯಂಸೇವಕ ಕಾಲಾಳುಪಡೆ, ‘ಎನ್.ವೈ.ಎಸ್.ವಿ.’ ಎಂದಿದ್ದರೆ ನ್ಯೂಯಾರ್ಕ್ ರಾಜ್ಯದ ಸ್ವಯಂಸೇವಕರು, ‘ಸಿಎವಿ’ ಎಂದಿದ್ದರೆ ಕುದುರೆಪಡೆ. ಓಹಾಯೋ ಕಾಲಾಳು ರೆಜಿಮೆಂಟುಗಳ ಕ್ರಮಸಂಖ್ಯೆ 190 ದಾಟುತ್ತದೆ, ಕುದುರೆಪಡೆಯದು 13ಕ್ಕೆ ನಿಲ್ಲುತ್ತದೆ. ಹಾಗಾಗಿ ಒಂದಂಕಿಯೋ ಎರಡಂಕಿಯೋ ಮೂರಂಕಿಯೋ ಎಂಬುದೇ ಮೊದಲ ಪ್ರಶ್ನೆ. ಅಕ್ಷರಗಳ ನಡುವಿನ ಜಾಗ ಅಳೆದರೆ ಇದಕ್ಕೆ ಉತ್ತರ ಸಿಗುತ್ತದೆ. ಅಚ್ಚು ಕೆತ್ತುವವನು ಸಾಲನ್ನು ನಡುಮಧ್ಯಕ್ಕೆ ಹೊಂದಿಸುತ್ತಾನೆ, ಎಡಬಲ ಉಳಿದ ಜಾಗ ನೋಡಿದರೆ ಕಾಣದ ಅಂಕಿ ಎಷ್ಟು ಅಗಲ ಇದ್ದಿರಬೇಕೆಂದು ತಿಳಿಯುತ್ತದೆ.

ಸವೆದ ಅಂಕಿಯನ್ನು ಎಬ್ಬಿಸಲು ಬೆಳಕೇ ಸಾಕು. ಕೋಣೆ ಕತ್ತಲು ಮಾಡಿ, ಬಿಲ್ಲೆಯನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟದಿಂದ 10–15 ಡಿಗ್ರಿಗಿಂತ ಮೇಲೆತ್ತದೆ ಪಕ್ಕದಿಂದ ಹಾಯಿಸಿ. ಫೋನನ್ನು ನೇರ ಮೇಲೆ ಸ್ಟ್ಯಾಂಡಿಗೆ ಕಟ್ಟಿ. ಬಿಲ್ಲೆ ಅಲುಗಬಾರದು, ಟಾರ್ಚನ್ನು ಮಾತ್ರ 45 ಡಿಗ್ರಿಯಷ್ಟು ಸರಿಸುತ್ತಾ ಸುತ್ತಲೂ ಎಂಟು ಚಿತ್ರ ತೆಗೆಯಿರಿ. ಒಂದು ದಿಕ್ಕಿನಲ್ಲಿ 1ರಂತೆ ಕಂಡ ಗೀಟು ಇನ್ನೊಂದು ದಿಕ್ಕಿನಲ್ಲಿ ತಲೆಯ ಮೇಲಿನ ಅಡ್ಡಗೆರೆ ತೋರಿಸಿ 7 ಆಗುವುದುಂಟು. ಕಾಗದವಿಟ್ಟು ಪೆನ್ಸಿಲ್ ಉಜ್ಜುವುದು, ಚಾಕ್‌ಪುಡಿ ತುಂಬುವುದು, ಅಲ್ಯೂಮಿನಿಯಂ ಹಾಳೆ ಒತ್ತುವುದು ಬೇಡ. ಸಡಿಲ ಕಿಲುಬಿನ ಜೊತೆ ಅಕ್ಷರದ ಅಂಚೂ ಎದ್ದು ಬರುತ್ತದೆ.

ಸ್ಟಾಂಟನ್ ಎಂಬ ಹೆಸರು ಇರುವುದು ನಿಮ್ಮ ಅದೃಷ್ಟ. ನೀವಿರುವ ಊರಲ್ಲೇ ಇದ್ದ ಜಾನ್ ಸ್ಟಾಂಟನ್ ಅಚ್ಚು ಮತ್ತು ಮುದ್ರೆ ಕೆತ್ತುವ ಕಸುಬಿನವರು, ಈ ಬಗೆಯ ಬಿಲ್ಲೆಗಳ ಬಹುದೊಡ್ಡ ಪಾಲು ಅವರ ಅಂಗಡಿಯದು. ಅವರ ಕೆಲಸದ ರೀತಿ ಗೊತ್ತಾದರೆ ಅಸಲಿ ನಕಲಿ ತಿಳಿಯುವುದು ಸುಲಭ. ಪ್ರತಿ ಸಟ್ಲರನಿಗೂ ಹೆಸರಿನ ಮಗ್ಗುಲಿನ ಅಚ್ಚು ಬೇರೆ ಬೇಕು. ಆದರೆ 5, 10, 25, 50 ಸೆಂಟ್ ಬೆಲೆಯ ಮಗ್ಗುಲಿನ ಅಚ್ಚು ಎಲ್ಲರಿಗೂ ಒಂದೇ ಆದರೂ ನಡೆಯುತ್ತದೆ. ಹಾಗಾಗಿ ಒಂದೇ ಬೆಲೆಯ ಅಚ್ಚಿನಿಂದ ಬೇರೆ ಬೇರೆ ರೆಜಿಮೆಂಟುಗಳ ಬಿಲ್ಲೆಗಳು ಹೊರಬಿದ್ದಿವೆ. ನಿಮ್ಮ ಬಿಲ್ಲೆಯ 25ರ ಮಗ್ಗುಲನ್ನು ಹರಾಜು ಸಂಸ್ಥೆಗಳ ಹಳೆಯ ಮಾರಾಟದ ಚಿತ್ರಗಳಲ್ಲಿರುವ ಬೇರೆ ಸಟ್ಲರ್‌ಗಳ 25 ಸೆಂಟ್ ಬಿಲ್ಲೆಗಳ ಜೊತೆ ಹೋಲಿಸಿ. 2ರ ಬಾಲ ಯಾವ ಅಕ್ಷರದ ನೇರಕ್ಕೆ ಬರುತ್ತದೆ, 5ರ ಹೊಟ್ಟೆ ಅಂಚಿನಿಂದ ಎಷ್ಟು ದೂರ, ಅಚ್ಚು ಬಿರುಕು ಬಿಟ್ಟು ಮೂಡಿದ ಕೂದಲೆಳೆಯಂಥ ಉಬ್ಬುಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇಷ್ಟನ್ನು ನೋಡಿ. ಬಿರುಕು ಕೂಡಿಬಂದರೆ ಅದೇ ಅಚ್ಚಿನ ಮಗು ಎಂದು ಹೆಚ್ಚುಕಡಿಮೆ ಹೇಳಬಹುದು. ಆದರೆ ಹೊಡೆತದ ಗುಳಿಯೋ ಗೀರೋ ಎರಡು ಬಿಲ್ಲೆಯಲ್ಲಿ ಒಂದೇ ಜಾಗದಲ್ಲಿದ್ದರೆ ಎಚ್ಚರಿಕೆ ವಹಿಸಿ. ಬಿರುಕು ಅಚ್ಚಿನದು, ಗುಳಿ ಜೇಬಿನದು. ಎರಡು ಬಿಲ್ಲೆ ಬೇರೆ ಬೇರೆ ಜೇಬಿನಲ್ಲಿ ಒಂದೇ ಗುಳಿ ಪಡೆಯಲಾರವು. ಕನಿಷ್ಠ ಒಂದಾದರೂ ಇನ್ನೊಂದರಿಂದ ತೆಗೆದ ನಕಲು.

ಅಚ್ಚೊತ್ತಿದ ಅಸಲಿಗೂ ಎರಕ ಹೊಯ್ದ ನಕಲಿಗೂ ವ್ಯತ್ಯಾಸ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಕಾಣುತ್ತದೆ. ಅಚ್ಚೊತ್ತಿದ ಅಕ್ಷರದ ಗೋಡೆ ನೆಲದಿಂದ ಚೂಪಾಗಿ ಏಳುತ್ತದೆ. ಎರಕದಲ್ಲಿ ಆ ಮೂಲೆ ಸಾಬೂನು ಕರಗಿದಂತೆ ದುಂಡಗಿರುತ್ತದೆ, ನೆಲದಲ್ಲಿ ಸೂಜಿಮೊನೆಯಷ್ಟರ ಗುಳ್ಳೆಗುಳಿ ಇರುತ್ತವೆ, ಅಂಚಿನ ಸುತ್ತ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಮಣ್ಣಿನಲ್ಲಿದ್ದ ಅಸಲಿ ಬಿಲ್ಲೆಗೂ ಗುಳಿ ಬೀಳುತ್ತವೆ, ಆದರೆ ಅವು ಅಡ್ಡಾದಿಡ್ಡಿಯಾಗಿ ಮೇಲಿನಿಂದ ಕೊರೆದಂತಿರುತ್ತವೆ, ಒಳಗೆ ಕಿಲುಬು ತುಂಬಿರುತ್ತದೆ. ಎರಕದ ಗುಳಿ ದುಂಡಗೆ, ಬರಿದು.

ಮುಂದಿನದು ಸಾಂದ್ರತೆ. ಅಡುಗೆಮನೆಯ ಒಂದು ಗ್ರಾಂ ತಕ್ಕಡಿಯಿಂದ ಆಗದು, 0.01 ಗ್ರಾಂ ತೋರಿಸುವ ಆಭರಣದ ತಕ್ಕಡಿ ಬೇಕು. ಬಿಲ್ಲೆಯನ್ನು ಒಣಗಿದ್ದಾಗ ತೂಗಿ ಬರೆದಿಡಿ. ಆಮೇಲೆ ಡಿಸ್ಟಿಲ್ಡ್ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತೆಳು ದಾರದಲ್ಲಿ ಕಟ್ಟಿದ ಬಿಲ್ಲೆಯನ್ನು ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಗಾಳಿಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲುಗಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಆಗ ತಕ್ಕಡಿ ತೋರಿಸುವುದು ಬಿಲ್ಲೆ ಸರಿಸಿದ ನೀರಿನ ತೂಕ. ಒಣತೂಕವನ್ನು ಅದರಿಂದ ಭಾಗಿಸಿ. ಉದಾಹರಣೆಗೆ ಒಣತೂಕ 3.20 ಗ್ರಾಂ, ನೀರಿನಲ್ಲಿ 0.38 ಎಂದರೆ ಸಾಂದ್ರತೆ 8.4, ಹಿತ್ತಾಳೆಗೆ ಸರಿಹೊಂದುತ್ತದೆ. 0.45 ಬಂದರೆ 7.1, ಅಂದರೆ ಸತುವಿನ ಎರಕಕ್ಕೆ ಹಿತ್ತಾಳೆ ಬಣ್ಣ ಕೊಟ್ಟಿದ್ದಾರೆ. 0.28 ಬಂದರೆ ಸೀಸ. ತಕ್ಕಡಿ 0.01 ಗ್ರಾಂ ಆಚೀಚೆ ತೋರಿಸಿದರೂ ಉತ್ತರ 8.2ರಿಂದ 8.65ರವರೆಗೆ ಓಡಾಡುತ್ತದೆ, ಆದ್ದರಿಂದ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಈ ಪರೀಕ್ಷೆ ಸತು, ಸೀಸವನ್ನು ಹಿಡಿಯುತ್ತದೆ. ಹೊಸ ಹಿತ್ತಾಳೆಯಲ್ಲಿ ಮಾಡಿದ ನಕಲನ್ನು ಹಿಡಿಯದು. ಅದಕ್ಕೆ ಅಚ್ಚಿನ ಹೋಲಿಕೆಯೇ ಗತಿ.

ಸಟ್ಲರ್ ಬಿಲ್ಲೆಯೆಂದು ಮಾರುವ ಆದರೆ ಬೇರೆಯೇ ಆದ ವಸ್ತುಗಳೂ ಇವೆ. 1863ರಲ್ಲಿ ಊರ ಅಂಗಡಿಗಳು ಒಂದು ಸೆಂಟಿಗೆ ಬದಲಾಗಿ ಚಲಾವಣೆಗೆ ಬಿಟ್ಟ ತಾಮ್ರದ ಟೋಕನ್‌ಗಳು, ದೇಶಭಕ್ತಿಯ ಘೋಷಣೆಯ ಟೋಕನ್‌ಗಳು ಲಕ್ಷಗಟ್ಟಲೆ ಬಂದವು, ಅಳತೆಯೂ ಸೆಂಟಿನಷ್ಟೇ, 19 ಮಿಲಿಮೀಟರ್ ಆಸುಪಾಸು. ಅವುಗಳಲ್ಲಿ ರೆಜಿಮೆಂಟಿನ ಹೆಸರಿರುವುದಿಲ್ಲ. ಸಿಪಾಯಿಯ ಗುರುತುಬಿಲ್ಲೆ ಇನ್ನೊಂದು. ಒಂದು ಕಡೆ ಹದ್ದೋ ಉತ್ತರದ ಸೇನಾಪತಿ ಜನರಲ್ ಮೆಕ್‌ಕ್ಲೆಲನ್‌ನ ಮುಖವೋ, ಇನ್ನೊಂದು ಕಡೆ ಕೈಯಿಂದ ಒಂದೊಂದೇ ಅಕ್ಷರ ಕುಟ್ಟಿದ ಸಿಪಾಯಿಯ ಹೆಸರು, ಮೇಲೆ ದಾರಕ್ಕೆ ತೂತು. ಇದನ್ನು ಸಟ್ಲರನೇ ಮಾರುತ್ತಿದ್ದ, ಆದರೆ ಅದು ಹಣವಲ್ಲ. ಯುದ್ಧ ಮುಗಿದ ಮೇಲೆ, 1866ರ ಕಾಯ್ದೆಯಿಂದ ಸಟ್ಲರ್ ಪದವಿಯೇ ರದ್ದಾಯಿತು. ಆಮೇಲೆ ಪಶ್ಚಿಮದ ಕೋಟೆಗಳಲ್ಲಿ ಅಂಗಡಿ ಇಟ್ಟವರ ಹೆಸರು ಪೋಸ್ಟ್ ಟ್ರೇಡರ್. ಅವರ ಟೋಕನ್‌ಗಳೂ ಒಳ್ಳೆಯ ಸಂಗ್ರಹವೇ, ಆದರೆ ಲೆಕ್ಕ ಬೇರೆ. ದಕ್ಷಿಣದ ಸೇನೆಯ ಸಟ್ಲರ್ ಬಿಲ್ಲೆ ಎಂದು ಯಾರಾದರೂ ಕೊಡಲು ಬಂದರೆ ದುಪ್ಪಟ್ಟು ಎಚ್ಚರಿಕೆ ಬೇಕು. ಕಾಣಸಿಗುವುದೆಲ್ಲ ಹೆಚ್ಚುಕಡಿಮೆ ಉತ್ತರದ ಪಡೆಗಳದ್ದೇ. ರಟ್ಟಿನ ಚೀಟಿಗಳೂ ಸಟ್ಲರನ ಹಣವೇ. ಅವುಗಳಲ್ಲಿ ಎಷ್ಟೋ ಮುದ್ರಣಗೊಂಡು ಬಳಕೆಯಾಗದೆ ಉಳಿದವು. ಹಿಂಬದಿಯಲ್ಲಿ ಮಡಿಕೆ, ಬೆವರಿನ ಕಲೆ ಇರುವ ಚೀಟಿಗೇ ನನ್ನ ಮತ.

ಕಿಲುಬಿನ ವಿಷಯಕ್ಕೆ ಬರೋಣ. ಎಲ್ಲ ಹಸಿರೂ ಒಂದೇ ಅಲ್ಲ. ಕಡುಹಸಿರು ಅಥವಾ ಕಂದುಹಸಿರು, ನುಣುಪಾಗಿ ಗಟ್ಟಿಯಾಗಿ ಅಂಟಿದ್ದರೆ ಅದು ಲೋಹದ ರಕ್ಷೆ, ಬಿಟ್ಟುಬಿಡಿ. ತಿಳಿಹಸಿರು ಪುಡಿಯಾಗಿ, ಒರೆಸಿದರೆ ಕೆಲವೇ ದಿನದಲ್ಲಿ ಮತ್ತೆ ಏಳುತ್ತಿದ್ದರೆ ಅದು ರೋಗ. ಮಣ್ಣಿನ ಉಪ್ಪು, ಅಂದರೆ ಕ್ಲೋರೈಡ್, ಲೋಹದೊಳಗೆ ಕೂತಿದೆ. ತೇವ ಸಿಕ್ಕಾಗಲೆಲ್ಲ ಅದು ತಾಮ್ರವನ್ನು ತಿಂದು ಪುಡಿ ಮಾಡುತ್ತದೆ. ಇನ್ನೊಂದು ತೊಂದರೆ ಹಿತ್ತಾಳೆಗೇ ವಿಶೇಷ. ಸತು ಸೋರಿಹೋಗಿ ತಾಮ್ರ ಮಾತ್ರ ಉಳಿದ ಕಡೆ ಗುಲಾಬಿ ಅಥವಾ ಕೆಂಪು ಮಚ್ಚೆ ಬೀಳುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗದು. ಆ ಜಾಗದ ಲೋಹ ಸ್ಪಂಜಿನಂತೆ ದುರ್ಬಲವಾಗಿರುವುದರಿಂದ ಅಲ್ಲಿ ಕಡ್ಡಿಯನ್ನೂ ತಾಗಿಸಬೇಡಿ.

ರೋಗದ ಪುಡಿ ಇದ್ದರೆ ಹೀಗೆ ಮಾಡಿ. ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಬಿಲ್ಲೆಯನ್ನು ಇಡಿ. ನಲ್ಲಿನೀರು ಬೇಡ, ಅದರಲ್ಲೂ ಕ್ಲೋರಿನ್ ಇರುತ್ತದೆ. ಮೊದಲ ವಾರ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನೀರು ಬದಲಿಸಿ. ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್ ಇದ್ದರೆ ಇಲ್ಲಿ ಅದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಹೊಸ ನೀರು ಹಾಕಿದಾಗಿನ ಅಂಕಿ, ವಾರದ ಮೇಲಿನ ಅಂಕಿ ಎರಡನ್ನೂ ಬರೆಯಿರಿ. ವ್ಯತ್ಯಾಸ ಕಾಣದಾದಾಗ ಉಪ್ಪು ಹೊರಬರುವುದು ನಿಂತಿದೆ ಎಂದರ್ಥ. ತಿಂಗಳೇ ಹಿಡಿಯಬಹುದು. ನೆನೆದು ಮೆತ್ತಗಾದ ಮಣ್ಣನ್ನು ಮರದ ಹಲ್ಲುಕಡ್ಡಿಯಿಂದಲೋ ಗುಲಾಬಿ ಮುಳ್ಳಿನಿಂದಲೋ ಭೂತಗನ್ನಡಿಯ ಕೆಳಗೆ ಎತ್ತಬಹುದು. ಸೂಜಿ, ಬ್ಲೇಡು, ತಂತಿಬ್ರಷ್ ಬೇಡ. ಕೊನೆಗೆ ಶುದ್ಧ ಅಸಿಟೋನಿನಲ್ಲಿ ಎರಡು ನಿಮಿಷ ಅದ್ದಿ ತೆಗೆದರೆ ಸಂದಿಯ ನೀರೂ ಎಣ್ಣೆಜಿಡ್ಡೂ ಹೋಗುತ್ತವೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಇರುವುದರಿಂದ ಅದು ಆಗದು. ಅಸಿಟೋನಿಗೆ ಥಟ್ಟನೆ ಬೆಂಕಿ ಹತ್ತಿಕೊಳ್ಳುತ್ತದೆ, ಒಲೆಯಿಂದ ದೂರ ಕಿಟಕಿ ತೆರೆದು ಕೆಲಸ ಮಾಡಿ. ಒರೆಸಬೇಡಿ, ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಇಷ್ಟಾದರೂ ಪುಡಿ ಮರಳಿದರೆ ಅದು ಸಂರಕ್ಷಣಾ ತಜ್ಞರ ಕೆಲಸ, ಅವರು ಬಳಸುವ ಬೆಂಜೊಟ್ರಯಝೋಲ್ ವಿಷಕಾರಿ, ಮನೆಯಲ್ಲಿ ಬೇಡ.

ಎಲ್ಲ ಬಿಲ್ಲೆಗೂ ಇದೇ ಮದ್ದಲ್ಲ. ಗಟ್ಟಿ ರಬ್ಬರಿನ ಕರಿ ಬಿಲ್ಲೆಗೆ ಅಸಿಟೋನ್ ಆಗದು, ಬಿಸಿನೀರೂ ಬಿಸಿಲೂ ಅದನ್ನು ಕಂದುಬಣ್ಣಕ್ಕೆ ತಿರುಗಿಸುತ್ತವೆ. ತವರ ಸೀಸ ಬೆರೆತ ಬಿಳಿ ಲೋಹದವನ್ನು ಮರದ ಪೆಟ್ಟಿಗೆಯಲ್ಲಿ ಇಡಬಾರದು. ಮರ ಬಿಡುವ ಆಮ್ಲದ ಆವಿಗೆ ಸೀಸ ಬಿಳಿಪುಡಿಯಾಗಿ ಉದುರುತ್ತದೆ. ಇಡುವ ಚೀಲ ಪಿವಿಸಿ ಆಗಿರಬಾರದು. ಹೊಸದರ ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಎಂದರೆ ಸಾಮಾನ್ಯವಾಗಿ ಅದೇ. ವರ್ಷ ಕಳೆದಂತೆ ಅದು ಆಮ್ಲ ಬಿಟ್ಟು ಬಿಲ್ಲೆಯ ಮೇಲೆ ಅಂಟಂಟು ಹಸಿರು ಕೂರಿಸುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲ ಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಒಳಗಿನ ತೇವ ಶೇಕಡಾ 40ರ ಆಸುಪಾಸು ಅಥವಾ ಕೆಳಗೆ ಇರುವಂತೆ ನೋಡಿಕೊಳ್ಳಿ. ರಬ್ಬರ್‌ಬ್ಯಾಂಡ್ ಡಬ್ಬಿಯೊಳಗೆ ಇರಲೇಬಾರದು, ಅದರ ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ.

ಸಂಗ್ರಹ ಎಲ್ಲಿಂದ ಶುರು ಮಾಡುವುದು ಎಂದಿದ್ದೀರಿ. ಎಲ್ಲವನ್ನೂ ಕೂಡಿಸಲು ಹೊರಡಬೇಡಿ. ಊರ ಅಂಗಡಿಯ 1863ರ ಸಾಮಾನ್ಯ ಟೋಕನ್ ಹತ್ತಾರು ಡಾಲರಿಗೆ ಸಿಗುತ್ತದೆ, ಸಟ್ಲರ್ ಬಿಲ್ಲೆ ಸಾಮಾನ್ಯವಾಗಿ ನೂರಾರು ಡಾಲರ್ ಬೇಡುತ್ತದೆ, ಅಪರೂಪದ್ದು ಸಾವಿರ ದಾಟುತ್ತದೆ. ನಿಮ್ಮಂತೆ ಸಿನ್ಸಿನಾಟಿಯಲ್ಲಿ ಇರುವವರಿಗೆ ಓಹಾಯೋ ರೆಜಿಮೆಂಟುಗಳನ್ನಷ್ಟೇ ಹಿಡಿಯುವುದು ಒಳ್ಳೆಯದು, ದಾಖಲೆಗಳೂ ಪಕ್ಕದಲ್ಲೇ ಇವೆ. ಇನ್ನೂ ಕಿರಿದು ಮಾಡಬೇಕೆಂದರೆ ಒಬ್ಬನೇ ಸಟ್ಲರನ ಎಲ್ಲ ಬೆಲೆಯ ಬಿಲ್ಲೆ ಕೂಡಿಸಿ. 5, 10, 25, 50 ನಾಲ್ಕೂ ಒಟ್ಟಿಗೆ ಕೂತಾಗ ಆ ಡೇರೆಯ ವ್ಯಾಪಾರ ಕಣ್ಣಿಗೆ ಕಟ್ಟುತ್ತದೆ.

ಬಿಲ್ಲೆಯನ್ನು ಗುರುತಿಸಲು ವ್ಯಾಪಾರಿಗಳು ಹೇಳುವ ಕ್ರಮಸಂಖ್ಯೆ ಸಾಮಾನ್ಯವಾಗಿ ಡೇವಿಡ್ ಶೆಂಕ್‌ಮನ್ 1983ರಲ್ಲಿ ಮಾಡಿದ ಪಟ್ಟಿಯ ಪುಸ್ತಕದ್ದು. ಅದನ್ನು ಕೊಳ್ಳದೆ ಬಿಲ್ಲೆ ಕೊಳ್ಳಬೇಡಿ. 1967ರಲ್ಲಿ ಹುಟ್ಟಿದ ಸಿವಿಲ್ ವಾರ್ ಟೋಕನ್ ಸೊಸೈಟಿಯ ಸದಸ್ಯತ್ವವೂ ಬೇಕು. ಅಪರೂಪವನ್ನು ಆರ್ ಅಕ್ಷರದ ಮುಂದೆ ಅಂಕಿ ಹಾಕಿ ಹೇಳುತ್ತಾರೆ. ಆರ್-7 ಎಂದರೆ 10ರಿಂದ 20 ಉಳಿದಿವೆ, ಆರ್-8 ಎಂದರೆ 5ರಿಂದ 10, ಆರ್-9 ಎಂದರೆ 2ರಿಂದ 4, ಆರ್-10 ಎಂದರೆ ಒಂದೇ ಒಂದು. ಹೊಸಬರು ಎಡವುವುದು ಇಲ್ಲಿಯೇ. ನಾಣ್ಯ ಲೋಕದಲ್ಲಿ ಐದೇ ಉಳಿದಿವೆ ಎಂದರೆ ಕೋಟಿಯ ಮಾತು. ಇಲ್ಲಿ ಆರ್-8, ಆರ್-9 ಎಂಬುದು ಸಾಧಾರಣ ಸಂಗತಿ, ಕೊಳ್ಳುವವರೂ ಕೆಲವರೇ. ಬೆಲೆ ನಿರ್ಧಾರವಾಗುವುದು ರೆಜಿಮೆಂಟ್ ಯಾವ ಯುದ್ಧಗಳಲ್ಲಿತ್ತು, ಹೆಸರು ಎಷ್ಟು ಸ್ಪಷ್ಟ, ಲೋಹ ಆರೋಗ್ಯವಾಗಿದೆಯೇ ಎಂಬುದರ ಮೇಲೆ.

ಲೋಹದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಆಗಿನ ಅಚ್ಚುಗಾರರು ಸಂಗ್ರಾಹಕರಿಗೆಂದೇ ಬೇರೆ ಲೋಹಗಳಲ್ಲಿ, ಕೆಲವೊಮ್ಮೆ ಬೆಳ್ಳಿ ನಾಣ್ಯದ ಮೇಲೆಯೇ ಟೋಕನ್ ಅಚ್ಚುಗಳನ್ನು ಒತ್ತಿ ಮಾರುತ್ತಿದ್ದರು. ಅವು ಹೊಳೆಯುತ್ತವೆ, ಅಪರೂಪ, ದುಬಾರಿ. ಆದರೆ ಯಾವ ಸಿಪಾಯಿಯ ಜೇಬನ್ನೂ ಕಂಡವಲ್ಲ. ಅದೇ ಹಣಕ್ಕೆ ಸವೆದ ಹಿತ್ತಾಳೆಯ, ಹೆಸರು ಓದಬರುವ ಎರಡು ಬಿಲ್ಲೆ ಬಂದರೆ ಅವನ್ನೇ ತೆಗೆದುಕೊಳ್ಳಿ. ಸ್ಥಿತಿ ನೋಡಿ ಅಂಕ ಕೊಟ್ಟು ಶ್ರೇಣಿ ಹಾಕುವ ಸಂಸ್ಥೆಗೆ ಕಳಿಸುವುದಾದರೆ ದುಬಾರಿ ಬಿಲ್ಲೆಯನ್ನು ಮಾತ್ರ ಕಳಿಸಿ. ನೆಲದಿಂದ ತೆಗೆದದ್ದಕ್ಕೆ ಅವರು ಅಂಕ ಕೊಡದೆ ಪರಿಸರದಿಂದ ಹಾನಿ ಎಂದು ಬರೆಯುತ್ತಾರೆ. ಅದರಿಂದ ಅಸಲಿತನಕ್ಕೆ ಕುಂದಿಲ್ಲ.

ಸಟ್ಲರನ ಹೆಸರು ಹುಡುಕುವುದೇ ಈ ಹವ್ಯಾಸದ ಸೊಗಸು. ಅವನು ಸೈನಿಕನಲ್ಲದ್ದರಿಂದ ರೆಜಿಮೆಂಟಿನ ಹಾಜರಿ ಪಟ್ಟಿಯಲ್ಲಿ ಸಿಗುವುದಿಲ್ಲ. ಅಲ್ಲಿ ಇಲ್ಲವೆಂದು ಬಿಲ್ಲೆಯನ್ನು ನಕಲಿ ಎನ್ನಬೇಡಿ. ಯುದ್ಧಕ್ಕೆ ಮೊದಲು ಅವನು ಊರಿನಲ್ಲಿ ದಿನಸಿಯೋ ಹೊಗೆಸೊಪ್ಪೋ ಮಾರುತ್ತಿದ್ದವನಾಗಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಊರಿನವರ ಹೆಸರು, ಕಸುಬು, ವಿಳಾಸ ಪಟ್ಟಿ ಮಾಡಿದ ಸಿನ್ಸಿನಾಟಿಯ ವಿಲಿಯಮ್ಸ್ ಡೈರೆಕ್ಟರಿಯ 1860ರ ಆಚೀಚೆಯ ಸಂಪುಟಗಳನ್ನು ನೋಡಿ. ಲೈಬ್ರರಿ ಆಫ್ ಕಾಂಗ್ರೆಸ್ ಉಚಿತವಾಗಿ ತೆರೆದಿಟ್ಟಿರುವ ಹಳೆಯ ಪತ್ರಿಕೆಗಳಲ್ಲಿ ಅವನ ಹೆಸರನ್ನು ಹುಡುಕಿ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ 94ನೇ ದಾಖಲೆ ಗುಂಪಿನಲ್ಲಿ ಸ್ವಯಂಸೇವಕ ರೆಜಿಮೆಂಟುಗಳ ಕಡತಗಳಿವೆ. ಒಬ್ಬನೇ ಸಟ್ಲರ್ ಒಂದಾದ ಮೇಲೊಂದು ಎರಡು ಪಡೆಗಳಲ್ಲಿ ಅಂಗಡಿ ಇಟ್ಟಿರಬಹುದು, ಆದ್ದರಿಂದ ಹೆಸರು ಸಿಕ್ಕ ತಕ್ಷಣ ಸವೆದ ಅಂಕಿಯನ್ನು ಅದಕ್ಕೆ ಒಗ್ಗಿಸಿಬಿಡಬೇಡಿ. ನಿಮ್ಮ ಎಂಟು ಚಿತ್ರಗಳೂ ಒಪ್ಪಬೇಕು.

ಮೆಟಲ್ ಡಿಟೆಕ್ಟರ್ ಹಿಡಿದು ನೀವೇ ಹುಡುಕುವ ಆಸೆ ಬರುತ್ತದೆ. ಗೆಟಿಸ್‌ಬರ್ಗ್, ಫ್ರೆಡರಿಕ್ಸ್‌ಬರ್ಗ್‌ನಂಥ ಹಳೆಯ ಯುದ್ಧಭೂಮಿಯ ರಾಷ್ಟ್ರೀಯ ಉದ್ಯಾನದ ನೆಲದಲ್ಲಿ ಅದು ಅಪರಾಧ. ಒಕ್ಕೂಟ ಸರ್ಕಾರದ ಜಮೀನಿನಲ್ಲಿ ಪ್ರಾಚ್ಯವಸ್ತು ಅಗೆಯುವುದಕ್ಕೆ 1979ರ ಕಾಯ್ದೆಯಡಿ ದಂಡವೂ ಜೈಲೂ ಇವೆ. ಖಾಸಗಿ ಹೊಲವಾದರೆ ಮಾಲೀಕರ ಲಿಖಿತ ಅನುಮತಿ ಬೇಕು. ವರ್ಜೀನಿಯಾದ ಫಾಲ್‌ಮತ್‌ನಲ್ಲಿ 1862–63ರ ಚಳಿಗಾಲ, ಬ್ರ್ಯಾಂಡಿ ಸ್ಟೇಷನ್ನಿನಲ್ಲಿ 1863–64ರ ಚಳಿಗಾಲ ಉತ್ತರದವರ ಪೊಟೊಮ್ಯಾಕ್ ಸೇನೆ ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು. ಯುದ್ಧ ನಡೆದ ಮೈದಾನಕ್ಕಿಂತ ಇಂಥ ಚಳಿಗಾಲದ ಬೀಡುಗಳಲ್ಲೇ ಬಿಲ್ಲೆ ಬಿದ್ದಿರುವುದು ಹೆಚ್ಚು, ಏಕೆಂದರೆ ಸಟ್ಲರನ ಡೇರೆ ಎದ್ದುನಿಲ್ಲುತ್ತಿದ್ದದ್ದು ಪಡೆ ಒಂದೆಡೆ ನೆಲೆನಿಂತಾಗ. ಅಗೆದವರಿಂದ ಕೊಳ್ಳುವಾಗ ಯಾವ ಹೊಲ, ಯಾವ ವರ್ಷ ಎಂದು ಬರೆಸಿಕೊಳ್ಳಿ. ಆ ಚೀಟಿ ಬಿಲ್ಲೆಯ ಜೊತೆಗೇ ಇರಬೇಕು.

ಊರಿಗೆ ಒಯ್ಯುವ ಪ್ರಶ್ನೆಯಲ್ಲಿ ತೊಡಕು ಇರುವುದು ತರುವುದಕ್ಕಿಂತ ಹೆಚ್ಚಾಗಿ ಮತ್ತೆ ಹೊರಗೆ ಒಯ್ಯುವುದರಲ್ಲಿ. ಕೊಂಡ ರಸೀದಿ, ಚಿತ್ರ, ತೂಕ ಬರೆದ ಹಾಳೆ ಜೊತೆಗಿಟ್ಟುಕೊಂಡು ಕಸ್ಟಮ್ಸ್‌ನಲ್ಲಿ ಘೋಷಿಸಿ. ಆದರೆ ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯ, ಕುಶಲಕೃತಿ ಮೊದಲಾದವನ್ನು ಪ್ರಾಚ್ಯವಸ್ತು ಎನ್ನುತ್ತದೆ, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಆ ವ್ಯಾಖ್ಯೆಯಲ್ಲಿ ಭಾರತದಲ್ಲೇ ಹುಟ್ಟಿದ್ದಾಗಿರಬೇಕು ಎಂಬ ಮಾತಿಲ್ಲ. ಒಮ್ಮೆ ಬೆಂಗಳೂರಿನ ಕಪಾಟಿಗೆ ಸೇರಿದ ಬಿಲ್ಲೆಯನ್ನು ಮುಂದೆ ಅಮೆರಿಕದ ಹರಾಜಿಗೆ ಕಳಿಸಲು ಹೊರಟರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಂದೆ ನಿಲ್ಲಬೇಕಾಗಬಹುದು. ಮಾರುವ ಯೋಚನೆ ಇರುವ ಬಿಲ್ಲೆ ಅಮೆರಿಕದಲ್ಲೇ ಇರಲಿ, ಅಪ್ಪನ ಬಳಿ ಕಾಯಂ ಇರುವಂಥದ್ದನ್ನು ಮಾತ್ರ ತನ್ನಿ. ಮಂಗಳೂರು, ಉಡುಪಿ ಕಡೆಯವರಾದರೆ ಮಳೆಗಾಲದ ನಾಲ್ಕು ತಿಂಗಳು ಸಿಲಿಕಾ ಜೆಲ್ಲನ್ನು ಹದಿನೈದು ದಿನಕ್ಕೊಮ್ಮೆ ಬಿಸಿಮಾಡಿ ಒಣಗಿಸಲು ಅವರಿಗೆ ಹೇಳಿಕೊಡಿ, ಬಿಲ್ಲೆಯ ಪಕ್ಕದಲ್ಲಿ ತೇವ ತೋರಿಸುವ ಚಿಕ್ಕ ಮೀಟರೊಂದನ್ನೂ ಇಟ್ಟುಬನ್ನಿ.